ಹೊರುವ ಹೆಗಲೂ ಅನಿತ್ಯ

ಗಂಭೀರ ಕಾಯಿಲೆಯ ಮಗುವಿರುವ ಮನೆಗೆ ನೋಡಲು ಹೋದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡಿ ಬರುತ್ತಾರೆ. ‘ಎಲ್ಲಾ ಸರಿಹೋಗುತ್ತೆ, ಧೈರ್ಯವಾಗಿರಿ’ ಎನ್ನುತ್ತಾರೆ. ಬಂದವರಿಗೆ ವಯಸ್ಸಾಗಿದ್ದರೆ ‘ಎಲ್ಲಾ ಮೂರು ದಿನದ ಸಂತೆ, ನಮ್ಮ ಕೈಯಲ್ಲಿ ಏನಿದೆ’ ಎನ್ನುತ್ತಾರೆ. ಮೊದಲನೆಯದು ಮಗು ಉಳಿಯುತ್ತದೆ ಎಂಬ ಭರವಸೆ. ಎರಡನೆಯದು, ಉಳಿಯದೆ ಹೋದರೆ ಎಂದು ಮುಂಗಡವಾಗಿ ಹೇಳಿದ ಸಮಾಧಾನ. ಎರಡೂ ಮಗುವನ್ನು ಕುರಿತ ಮಾತೇ. ಅದನ್ನು ಕೇಳಿಸಿಕೊಳ್ಳುತ್ತ ಔಷಧಿಯ ಅಳತೆ ನೋಡುತ್ತಿರುವ ತಾಯಿ, ಆಸ್ಪತ್ರೆಯ ಬಿಲ್ಲುಗಳನ್ನು ಕವರಿಗೆ ತುಂಬುತ್ತಿರುವ ತಂದೆ, ಇವರಿಬ್ಬರ ಮೈಬಲ, ನಿದ್ದೆ, ಮನಸ್ಸಿನ ಸ್ಥಿಮಿತ ಇನ್ನೆಷ್ಟು ಕಾಲ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ‘ಹೆತ್ತ ಕರುಳು, ಎಷ್ಟು ಬೇಕಾದರೂ ತಡೆದುಕೊಳ್ಳುತ್ತೆ’ ಎಂದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಕೆರೆ ಬತ್ತುತ್ತದೆ, ಕೋಟೆ ಬೀಳುತ್ತದೆ, ರಾಜ್ಯ ಅಳಿಯುತ್ತದೆ ಎಂದು ಸಾವಿರ ವರ್ಷದಿಂದ ಹೇಳಿಕೊಂಡು ಬಂದ ನಾವು, ಅಪ್ಪ ಅಮ್ಮನ ತ್ರಾಣವನ್ನು ಮಾತ್ರ ಎಂದೂ ಮುಗಿಯದ್ದು ಎಂದು ನಂಬಿಕೊಂಡಿದ್ದೇವೆ.

ನನ್ನ ಪಾಲಿಗೆ ಅನಿತ್ಯದ ಚಿಂತನೆ ಶುರುವಾಗಬೇಕಾದ್ದು ಇಲ್ಲಿಂದ.

ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ಕುಳಿತು ಇದನ್ನು ಯೋಚಿಸುವುದಕ್ಕೆ ಕಾರಣವೂ ಇದೆ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿಯ ಈ ಊರು ಒಂದು ತಲೆಮಾರಿನ ಕಣ್ಣೆದುರೇ ಹಳ್ಳಿತನ ಕಳಚಿಕೊಂಡಿತು. ರಾಗಿ ಹೊಲಗಳಿದ್ದ ಕಡೆ ಅಪಾರ್ಟ್‌ಮೆಂಟುಗಳೆದ್ದವು. ಪಕ್ಕದಲ್ಲಿ ನೈಸ್ ರಸ್ತೆ ಹಾದುಹೋಯಿತು. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋದ ಹಸಿರು ಮಾರ್ಗ ಬೆಳೆದು, ತಲಘಟ್ಟಪುರಕ್ಕೂ ಒಂದು ನಿಲ್ದಾಣವಾಯಿತು. ಆ ರೈಲಿನಲ್ಲಿ ಬೆಳಗಿನ ಹೊತ್ತು ಆಫೀಸಿಗೆ, ಕಾಲೇಜಿಗೆ ಹೋಗುವವರ ನಡುವೆ, ಮಾಸ್ಕ್ ಹಾಕಿದ ಮಗುವನ್ನು ಎದೆಗೊತ್ತಿಕೊಂಡು, ಹೆಗಲಿಗೆ ಫೈಲಿನ ಚೀಲ ನೇತುಹಾಕಿಕೊಂಡವರೂ ಇರುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್ ಈ ಮೂರೂ ಒಂದಕ್ಕೊಂದು ಕೂಗಳತೆಯಲ್ಲಿವೆ. ರಕ್ತದ ಕ್ಯಾನ್ಸರ್, ಹುಟ್ಟಿನಿಂದ ಬಂದ ದೋಷ, ನಿಲ್ಲದ ಫಿಟ್ಸ್, ಹೀಗೆ ಕನ್ನಡ ನಾಡಿನ ಮಕ್ಕಳ ದೊಡ್ಡ ಕಾಯಿಲೆಗಳೆಲ್ಲ ಕೊನೆಗೆ ಬಂದು ಸೇರುವುದು ಬೆಂಗಳೂರಿನ ಆ ಒಂದು ಮೂಲೆಗೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಕಡೆಯವರು ಅಲ್ಲಿಗೆ ಹೋಗಬೇಕಾದರೆ ತಲಘಟ್ಟಪುರವನ್ನು ದಾಟಿಯೇ ಹೋಗುತ್ತಾರೆ.

ಊರು ಬದಲಾದದ್ದಕ್ಕೂ ಈ ತಂದೆತಾಯಂದಿರ ಸ್ಥಿತಿಗೂ ನೇರ ಸಂಬಂಧವಿದೆ. ತೀವ್ರ ಕಾಯಿಲೆಯ ಮಗುವಿನ ಆರೈಕೆಗೆ ಇಬ್ಬರು ಸಾಲುವುದಿಲ್ಲ. ನಾಲ್ಕಾರು ಕೈ ಬೇಕು. ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ಅಡುಗೆ ಮಾಡಬೇಕು, ಮತ್ತೊಬ್ಬರು ದೊಡ್ಡ ಮಗುವನ್ನು ಶಾಲೆಗೆ ಬಿಡಬೇಕು. ಆ ಕೈಗಳು ಹಿಂದೆ ಜಗಲಿಯ ಮೇಲೆ ಸಿಗುತ್ತಿದ್ದವು. ಈಗ ಅಜ್ಜ ಅಜ್ಜಿ ಊರಲ್ಲಿದ್ದಾರೆ, ಎದುರು ಫ್ಲ್ಯಾಟಿನ ಬಾಗಿಲು ಮುಚ್ಚಿದೆ, ಗಂಡ ಹೆಂಡತಿಯಲ್ಲಿ ಒಬ್ಬರ ಕೆಲಸ ಹೋಗಿದೆ ಅಥವಾ ಬಿಟ್ಟಾಗಿದೆ. ಆದರೆ ಹಳೆಯದೆಲ್ಲ ಚಿನ್ನ ಎನ್ನುವ ಮಾತನ್ನು ನಾನು ಒಪ್ಪಲಾರೆ. ಅದೇ ಜಗಲಿಯ ಮೇಲೆ ‘ಯಾವ ಜನ್ಮದ ಕರ್ಮವೋ’ ಎಂಬ ಪಿಸುಮಾತೂ ಇತ್ತು. ಕಾಯಿಲೆಯ ಮಗುವನ್ನು ಹೆತ್ತವಳನ್ನು ಮದುವೆ ಮುಂಜಿಯಲ್ಲಿ ಹಿಂದಕ್ಕೆ ಕೂರಿಸುವ ಪದ್ಧತಿ ಇತ್ತು. ಮುಚ್ಚಿದ ಬಾಗಿಲಿನ ಫ್ಲ್ಯಾಟು ಆ ಪಿಸುಮಾತಿನಿಂದ ಅವಳನ್ನು ಕಾಪಾಡಿದೆ. ಸಹಾಯದ ಕೈಗಳನ್ನೂ ಹೊರಗೇ ನಿಲ್ಲಿಸಿದೆ.

ತಲಘಟ್ಟಪುರದ ಹೆಸರು ಕರ್ನಾಟಕದ ರೈತರಿಗೆ ಗೊತ್ತಿರುವುದು ರೇಷ್ಮೆಯಿಂದ. ರಾಜ್ಯ ರೇಷ್ಮೆ ಕೃಷಿ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಇಲ್ಲೇ. ರೇಷ್ಮೆ ಹುಳು ಸುಮಾರು ಇಪ್ಪತ್ತೈದು ದಿನದ ತನ್ನ ಬಾಳಿನಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಹುಳು ಸಾಕುವ ಮನೆಗಳಲ್ಲಿ ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಮೇಲೆತ್ತಿ ಅಲುಗಾಡದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಿದಂತೆ ಇಡಬೇಕು, ಸುಮ್ಮನೆ ಕಾಯಬೇಕು. ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕುವ ಆ ಮನೆಯ ಹೆಂಗಸರಿಗೆ ಬಿಡುವು ಸಿಗುವುದು ಆ ಒಂದು ದಿನ ಮಾತ್ರ. ಅವರು ಅಂದು ಮಲಗುತ್ತಾರೆ, ಬಟ್ಟೆ ಒಗೆಯುತ್ತಾರೆ, ತವರಿಗೆ ಹೋಗಿ ಬರುತ್ತಾರೆ. ಕಾಯಿಲೆಯ ಮಗುವಿನ ತಾಯಿಯ ಕಷ್ಟ ನನಗೆ ಸ್ಪಷ್ಟವಾಗಿ ಕಾಣುವುದು ಈ ಹುಳುಮನೆಯ ಪಕ್ಕದಲ್ಲಿ ಇಟ್ಟು ನೋಡಿದಾಗ. ಹುಳುವಿಗೆ ನಾಲ್ಕೇ ಜ್ವರ ಎಂದು ಸಾಕುವವಳಿಗೆ ಗೊತ್ತು, ಎಣಿಸಬಹುದು. ಇವಳಿಗೆ ಎಷ್ಟನೇ ಜ್ವರ ಕಡೆಯದು, ಯಾವುದಾದ ಮೇಲೆ ಮಗು ಚಿಗುರಿಕೊಳ್ಳುತ್ತದೆ, ಯಾವುದು ಕೊಂಡೊಯ್ಯುತ್ತದೆ ಎಂಬ ಲೆಕ್ಕವಿಲ್ಲ. ಲೆಕ್ಕವಿಲ್ಲದ್ದರಿಂದ ಬಿಡುವೂ ಇಲ್ಲ. ಮಗು ಚೆನ್ನಾಗಿ ನಿದ್ದೆ ಮಾಡುತ್ತಿರುವಾಗಲೂ ಅವಳು ಎದ್ದು ಅದರ ಹಣೆ ಮುಟ್ಟಿ ನೋಡುತ್ತಾಳೆ.

ಅನಿತ್ಯ ಎಂದಕೂಡಲೆ ನಮ್ಮಲ್ಲಿ ಎಲ್ಲರೂ ಕಿಸಾಗೋತಮಿಯ ಕಥೆ ಎತ್ತುತ್ತಾರೆ. ಸತ್ತ ಮಗುವನ್ನು ತೋಳಿನಲ್ಲಿ ಹೊತ್ತು ಬದುಕಿಸಿಕೊಡಿ ಎಂದು ಬಂದವಳಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದ. ಶಾಲೆಯ ಪಾಠದಿಂದ ಹರಿಕಥೆಯವರೆಗೆ ಕೇಳಿದ ಕಥೆ. ಅದು ಶುರುವಾಗುವುದೇ ಮಗು ಸತ್ತ ಮೇಲೆ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಆ ಮಗು ಕಾಯಿಲೆಯಲ್ಲಿ ಮಲಗಿದ್ದಾಗ ಗೋತಮಿ ಹೇಗಿದ್ದಳು, ಅವಳ ಜೊತೆ ರಾತ್ರಿ ಯಾರು ಕೂತಿದ್ದರು, ಅವಳು ಉಂಡಳೇ ಎಂದು ಕಥೆ ಹೇಳುವುದಿಲ್ಲ. ಬುದ್ಧ ಆಗ ಅವಳಿಗೆ ಉಪದೇಶ ಮಾಡಲಿಲ್ಲ, ಮನೆ ಮನೆಗೆ ಕಳಿಸಿದ. ಪ್ರತಿ ಮನೆಯಲ್ಲೂ ಒಬ್ಬರು ಬಾಗಿಲಿಗೆ ಬಂದು ತಮ್ಮ ಮನೆಯ ಸಾವಿನ ಮಾತನ್ನು ಅವಳಿಗೆ ಹೇಳಿದರು. ಅವಳ ಮನಸ್ಸು ತಿಳಿಯಾದದ್ದು ಹೀಗೆ ಬಾಗಿಲಿಗೆ ಬಂದವರಿಂದ, ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆ ಓದಿದರೆ, ‘ಎಲ್ಲರೂ ಸಾಯುವವರೇ’ ಎಂದು ಇಂಥ ಮನೆಯ ಸೋಫಾದ ಮೇಲೆ ಕೂತು ಹೇಳಿ ಬರುವವರಿಗೆ ಆ ಕಥೆಯಲ್ಲಿ ಜಾಗವಿಲ್ಲ.

ಜೈನರ ಚಿಂತನೆ ಈ ವಿಷಯದಲ್ಲಿ ಇನ್ನೂ ಎಚ್ಚರದ್ದು. ಮನನ ಮಾಡಬೇಕಾದ ಹನ್ನೆರಡು ಚಿಂತನೆಗಳಲ್ಲಿ, ಅಂದರೆ ಅನುಪ್ರೇಕ್ಷೆಗಳಲ್ಲಿ, ಅನಿತ್ಯವೇ ಮೊದಲನೆಯದು. ಬಂಧುವರ್ಮ ಕನ್ನಡದಲ್ಲಿ ‘ಜೀವಸಂಬೋಧನೆ’ಯನ್ನು ಬರೆದದ್ದೇ ಈ ಹನ್ನೆರಡನ್ನು ಕುರಿತು. ಅಲ್ಲಿ ಅನಿತ್ಯ ಎನ್ನುವುದು ಮನುಷ್ಯ ತನ್ನ ಜೀವಕ್ಕೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳಬೇಕಾದ ಮಾತು. ನೆರೆಮನೆಯವರ ಗಾಯಕ್ಕೆ ಹಚ್ಚಲು ಅದನ್ನು ಕೊಟ್ಟಿಲ್ಲ. ‘ನನ್ನ ಮಗು ನನ್ನದಲ್ಲ’ ಎಂದು ಒಬ್ಬ ತಾಯಿ ತನ್ನೊಳಗೆ ಅಂದುಕೊಂಡರೆ ಅದು ಅವಳ ಸಾಧನೆ. ಅದೇ ಮಾತನ್ನು ನಾನು ಅವಳಿಗೆ ಹೇಳಿದರೆ ಅದು ಕ್ರೌರ್ಯ.

ಹಾಗಾದರೆ ಹೊರಗಿನವರಾದ ನಾವು ಅನಿತ್ಯವನ್ನು ಎಲ್ಲಿ ನೋಡಬೇಕು? ಆ ತಾಯಿಯ ಮೈಯಲ್ಲಿ ನೋಡಬೇಕು. 2004ರಲ್ಲಿ ಕ್ಯಾಲಿಫೋರ್ನಿಯಾದ ಎಲಿಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಜೊತೆಗಾರರು 58 ತಾಯಂದಿರ ರಕ್ತ ಪರೀಕ್ಷಿಸಿ ಒಂದು ಲೇಖನ ಪ್ರಕಟಿಸಿದರು. ಅವರಲ್ಲಿ 39 ಮಂದಿ ದೀರ್ಘ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಕಾಪಿನ ಭಾಗವಿರುತ್ತದೆ, ವಯಸ್ಸಾದಂತೆ ಅದು ಮೋಟಾಗುತ್ತ ಹೋಗುತ್ತದೆ. ಆರೈಕೆಯಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಆ ತಾಯಂದಿರಲ್ಲಿ ಅದು ಮೋಟಾಗಿತ್ತು. ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದೇವೆ ಎಂದವರ ಜೀವಕೋಶಗಳು, ಕಡಿಮೆ ಒತ್ತಡ ಎಂದವರಿಗಿಂತ ಕನಿಷ್ಠ ಹತ್ತು ವರ್ಷ ಮುದಿಯಾದಂತೆ ಕಂಡವು. ಟೆಲೊಮಿಯರ್ ಕೆಲಸಕ್ಕೆ ಬ್ಲ್ಯಾಕ್‌ಬರ್ನ್ 2009ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಕೆಲವೇ ಮಂದಿಯ ಪರೀಕ್ಷೆ ಅದು, ನಿಜ. ಆದರೆ ನನ್ನನ್ನು ಅದು ಹಿಡಿದು ನಿಲ್ಲಿಸುವುದು ಬೇರೆ ಕಾರಣಕ್ಕೆ. ಮನೆಯಲ್ಲಿ ಕಾಯಿಲೆಯ ಮಗುವಿದೆ ಎಂಬಷ್ಟಕ್ಕೇ ತಾಯಿ ಮುದಿಯಾಗುತ್ತಾಳೆ ಎಂದು ಅದು ಹೇಳಲಿಲ್ಲ. ಎಷ್ಟು ವರ್ಷ ಹೊತ್ತಳು, ಹೊತ್ತದ್ದು ಎಷ್ಟು ಭಾರವೆನಿಸಿತು ಎಂಬುದು ಮುಖ್ಯ ಎಂದಿತು. ಮಗುವಿನ ಕಾಯಿಲೆಯನ್ನು ನೆರೆಯವರು ತೆಗೆಯಲಾರರು. ಭಾರ ಎಷ್ಟೆನಿಸುತ್ತದೆ ಎಂಬುದರಲ್ಲಿ ಅವರಿಗೆ ಪಾಲಿದೆ.

ಇನ್ನು ಹೇಳಬೇಕಾದ್ದು ಹೇಳಲು ಕಷ್ಟವಾದದ್ದು. ಇಂಥ ಮನೆಗಳಲ್ಲಿ ನಡುರಾತ್ರಿ ಮೂರು ಗಂಟೆಗೆ, ಕಫ ತೆಗೆಯುವ ಸಕ್ಷನ್ ಮಷೀನಿನ ಸದ್ದಿನಲ್ಲಿ, ನಿದ್ದೆಯಿಲ್ಲದ ಎಷ್ಟನೆಯದೋ ರಾತ್ರಿ, ತಾಯಿಯ ಮನಸ್ಸಿನಲ್ಲಿ ಒಂದು ಯೋಚನೆ ಹಾದು ಹೋಗುತ್ತದೆ: ಇದು ಮುಗಿದುಬಿಟ್ಟರೆ ಸಾಕು. ಮರುಕ್ಷಣವೇ ಅವಳು ನಡುಗಿಹೋಗುತ್ತಾಳೆ. ಏನು ಮುಗಿದರೆ? ಮಗುವೇ? ನಾನು ಎಂಥವಳು? ಬೆಳಗಾಗುವುದರೊಳಗೆ ಅವಳು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಿರುತ್ತಾಳೆ. ಅಂದು ತಿಂಡಿ ತಿನ್ನುವುದಿಲ್ಲ, ಯಾರಾದರೂ ‘ಅಕ್ಕಾ, ನೀವು ಸ್ವಲ್ಪ ಮಲಗಿ, ನಾನು ಕೂತಿರ್ತೀನಿ’ ಎಂದರೂ ಮಲಗುವುದಿಲ್ಲ, ದೇವರಿಗೆ ಹೊಸದೊಂದು ಹರಕೆ ಹೊರುತ್ತಾಳೆ. ಈ ಯೋಚನೆಯನ್ನು ಅವಳು ಗಂಡನಿಗೆ ಹೇಳುವುದಿಲ್ಲ. ಗಂಡನಿಗೂ ಅದು ಬಂದಿರುತ್ತದೆ, ಅವನೂ ಹೇಳುವುದಿಲ್ಲ. ಒಂದೇ ಹಾಸಿಗೆಯ ಎರಡು ಬದಿಯಲ್ಲಿ ಒಂದೇ ಪಾಪಪ್ರಜ್ಞೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಹೊತ್ತು ಮಲಗಿರುತ್ತಾರೆ.

ಅನಿತ್ಯದ ದರ್ಶನ ನಿಜಕ್ಕೂ ಕೈ ಹಿಡಿಯುವ ಜಾಗ ಯಾವುದಾದರೂ ಇದ್ದರೆ ಅದು ಇದೇ ಎಂದು ನನ್ನ ನಂಬಿಕೆ. ಮನಸ್ಸಿಗೆ ಬಂದ ಯೋಚನೆ ಮನಸ್ಸಿನ ಸ್ವಭಾವವಾಗುವುದಿಲ್ಲ. ಅದು ಏಳುತ್ತದೆ, ಇರುತ್ತದೆ, ಹೋಗುತ್ತದೆ. ‘ಮುಗಿದರೆ ಸಾಕು’ ಎಂದದ್ದು ದಣಿದ ಮೈ. ಮುಗಿಯಬೇಕು ಎಂದು ಅದು ಕೇಳಿದ್ದು ಆ ರಾತ್ರಿಯನ್ನು, ಆ ಎಚ್ಚರವನ್ನು, ಆ ನೋವಿನ ಸದ್ದನ್ನು. ನಾಲ್ಕು ತಾಸು ನಿದ್ದೆ ಸಿಕ್ಕರೆ ಆ ಯೋಚನೆ ತಾನಾಗಿ ಕರಗುತ್ತದೆ, ಅದೇ ತಾಯಿ ಬೆಳಿಗ್ಗೆ ಮಗುವಿನ ಉಗುರು ಕತ್ತರಿಸುತ್ತ ಹಾಡು ಹೇಳುತ್ತಾಳೆ. ಆದ್ದರಿಂದ ಅವಳಿಗೆ ಬೇಕಾದ್ದು ಕ್ಷಮೆಗಿಂತ ಮೊದಲು ನಿದ್ದೆ. ನಿದ್ದೆ ಸಿಗದೆ ಆ ಯೋಚನೆ ದಿನದಿನವೂ ಬಂದು ಕೂರತೊಡಗಿದರೆ, ಹಗಲಿಗೂ ಕಾಲಿಟ್ಟರೆ, ಅದು ಖಿನ್ನತೆಯ ಕಡೆಗೆ ಹೋಗುತ್ತಿದೆ ಎಂದು ಅರ್ಥ, ಅದಕ್ಕೆ ಚಿಕಿತ್ಸೆ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416, ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವಂಥದ್ದು. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಡಾಕ್ಟರರು ಚೀಟಿ ಬರೆಯುವಾಗ ಒಂದೇ ಒಂದು ಸಲ ಕತ್ತೆತ್ತಿ ‘ನೀವು ನಿದ್ದೆ ಮಾಡ್ತಿದ್ದೀರಾಮ್ಮ?’ ಎಂದು ಕೇಳಿದರೆ, ಆ ಕರೆ ಮಾಡಲು ಎಷ್ಟೋ ಜನರಿಗೆ ಧೈರ್ಯ ಬಂದೀತು.

ಗಂಡ ಹೆಂಡತಿಯ ನಡುವೆ ಆಗುವುದನ್ನು ಕನ್ನಡದಲ್ಲಿ ಬೇಂದ್ರೆಯವರಿಗಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಕೈಮೀರಿದ ಮಗುವಿನ ಎದುರು ಹೆಂಡತಿಯ ನೋಟವನ್ನು ಎದುರಿಸಲಾರದ ತಂದೆಯನ್ನು ಕುರಿತ ಅವರ ಒಂದು ಕವಿತೆ ಹಾಡಾಗಿಯೂ ಮನೆಮನೆಗೆ ಗೊತ್ತು. ಬೇಂದ್ರೆ ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಅವರ ಕವಿತೆ ಕೇಳಿದಾಗ ನಾವು ಮಗುವಿಗಾಗಿ ಮರುಗುತ್ತೇವೆ, ಕವಿ ನಿಂತು ನೋಡಿದ್ದು ಹೆಂಡತಿಯನ್ನು. ಮಗುವಿನ ಕಾಯಿಲೆ ದಾಂಪತ್ಯದೊಳಗೆ ಮಾಡುವ ಕೆಲಸವೇ ಅದು: ಇಬ್ಬರೂ ಒಬ್ಬರ ಕಣ್ಣು ಇನ್ನೊಬ್ಬರು ತಪ್ಪಿಸತೊಡಗುತ್ತಾರೆ. ಅವಳು ದಿನವಿಡೀ ಮಗುವಿನ ಬಳಿ, ಅವನು ದಿನವಿಡೀ ಸಾಲದ ಬಳಿ. ಸಂಜೆ ಮಾತಾಡುವುದು ಔಷಧಿ, ರಿಪೋರ್ಟ್, ಇನ್ಶೂರೆನ್ಸ್ ಅಷ್ಟೇ. ದೊಡ್ಡ ಮಗು ಪಕ್ಕದ ಕೋಣೆಯಲ್ಲಿ ಏನನ್ನೂ ಕೇಳದೆ ಒಳ್ಳೆಯ ಮಗುವಾಗಿ ಬೆಳೆಯುತ್ತಿರುತ್ತದೆ. ಆ ಒಳ್ಳೆಯತನವೂ ಭಯದಿಂದ ಬಂದದ್ದು, ಅದನ್ನೂ ಯಾರಾದರೂ ಗಮನಿಸಬೇಕು.

ರಕ್ತದ ಕ್ಯಾನ್ಸರಿನ ಮಕ್ಕಳ ಮನೆಗಳಲ್ಲಿ ‘ಕೌಂಟ್’, ಅಂದರೆ ರಕ್ತಕಣಗಳ ಎಣಿಕೆ, ಎಂಬ ಮಾತು ಕಾಲಮಾನವನ್ನೇ ಆಳುತ್ತದೆ. ಕೌಂಟ್ ಏರಿದರೆ ಹಬ್ಬ, ಬಿದ್ದರೆ ಬಾಗಿಲು ಕಿಟಕಿ ಭದ್ರ. ಚಿಕಿತ್ಸೆ ಎರಡರಿಂದ ಮೂರು ವರ್ಷ. ಈ ಏರಿಳಿತದ ನಡುವೆ ಮಗು ಕೇರಂ ಆಡುವ, ದೋಸೆ ಬೇಕು ಎಂದು ಹಟ ಮಾಡುವ ಒಂದು ವಾರ ಬರುತ್ತದೆ. ಎಷ್ಟೋ ತಂದೆತಾಯಂದಿರು ಆ ವಾರವನ್ನು ಅನುಭವಿಸಲಾರರು. ಇದು ನಿಲ್ಲುವುದಿಲ್ಲ, ನಂಬಬಾರದು, ಸಂತೋಷಪಟ್ಟರೆ ದೃಷ್ಟಿಯಾದೀತು ಎಂದು ಹೆದರುತ್ತಾರೆ. ಅವರಿಗೆ ನಾನು ಒಂದು ಹಳೆಯ ಸಂಗತಿ ಹೇಳಬೇಕು. 1948ರ ಜೂನ್‌ನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಒಂದು ವರದಿ ಪ್ರಕಟಿಸಿದರು. ಅಂದಿನವರೆಗೆ ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಮದ್ದೇ ಇರಲಿಲ್ಲ. ಫಾರ್ಬರ್ ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟರು, ಹತ್ತು ಮಕ್ಕಳು ಚೇತರಿಸಿಕೊಂಡರು. ಆ ಔಷಧಿಯ ಹಿಂದಿದ್ದ ತಲೆ ನಮ್ಮ ಪಕ್ಕದ ಆಂಧ್ರದ ಭೀಮವರಂನವರಾದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಅವರ ಪ್ರಯೋಗಶಾಲೆಯಲ್ಲೇ ಅದು ತಯಾರಾಗಿ ಬಂದದ್ದು. ಚೇತರಿಕೆ ಕೆಲವು ತಿಂಗಳು ಮಾತ್ರ ನಿಂತಿತು, ಕಾಯಿಲೆ ಮರಳಿತು. ತಾತ್ಕಾಲಿಕ ಚೇತರಿಕೆ ಎಂದೇ ಫಾರ್ಬರ್ ತಮ್ಮ ವರದಿಗೆ ಶೀರ್ಷಿಕೆ ಕೊಟ್ಟಿದ್ದರು. ಸುಬ್ಬರಾವ್ ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಆ ಹತ್ತು ಮನೆಗಳಲ್ಲಿ ಆ ಕೆಲವು ತಿಂಗಳು ಹೇಗೆ ಕಳೆದಿರಬಹುದು ಎಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಮಗು ಎದ್ದು ಓಡಾಡಿತು, ಉಂಡಿತು, ಆಮೇಲೆ ಮತ್ತೆ ಮಲಗಿತು. ಉಳಿಯಲಿಲ್ಲ ಎಂಬ ಒಂದೇ ಲೆಕ್ಕದಲ್ಲಿ ನೋಡಿದರೆ ಅದು ಸೋಲು. ಆದರೆ ಈ ಕಾಯಿಲೆಯನ್ನು ಹಿಮ್ಮೆಟ್ಟಿಸಬಹುದು ಎಂದು ಜಗತ್ತು ಮೊದಲ ಸಲ ಕಂಡದ್ದು ಆ ನಿಲ್ಲದ ತಿಂಗಳುಗಳಲ್ಲಿ. ಇಂದು ಸೌಕರ್ಯವಿರುವ ದೇಶಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆಯಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಅದಕ್ಕೆ ಬಡತನ, ತಡವಾಗಿ ಗೊತ್ತಾಗುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಎಲ್ಲ ಕಾರಣ. ನಡುವೆ ಬಿಡುವವರನ್ನು ದೂರುವ ಮೊದಲು ಅವರಲ್ಲಿ ತ್ರಾಣ ಉಳಿದಿತ್ತೇ ಎಂದು ನೋಡಬೇಕು. ಬಸ್ಸಿನ ಖರ್ಚು, ಹೊಲದ ಕೆಲಸ, ಬೆಂಗಳೂರಿನಲ್ಲಿ ಉಳಿಯಲು ಜಾಗ ಇವು ಸಹ ಚಿಕಿತ್ಸೆಯ ಭಾಗವೇ. ಕಿದ್ವಾಯಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆ ಮಾಡುವ ಉಪಕಾರವನ್ನು ಔಷಧಿಯ ಉಪಕಾರಕ್ಕಿಂತ ಕಡಿಮೆ ಎಂದು ನಾನು ಹೇಳಲಾರೆ.

ಆಸೆಯೂ ರೂಪ ಬದಲಿಸುತ್ತದೆ. ಮೊದಲು ಪೂರ್ತಿ ಗುಣವಾಗಲಿ ಎಂಬ ಆಸೆ. ಆಮೇಲೆ ಶಾಲೆಗೆ ಹೋಗುವಷ್ಟಾದರೂ ಆಗಲಿ. ಆಮೇಲೆ ಮುಂದಿನ ಹುಟ್ಟುಹಬ್ಬ. ಕೆಲವು ಮನೆಗಳಲ್ಲಿ ಕೊನೆಗೆ ಉಳಿಯುವುದು ಈ ರಾತ್ರಿ ನೋವಿಲ್ಲದೆ ಕಳೆಯಲಿ ಎಂಬುದೊಂದೇ. ಹೊರಗಿನವರಿಗೆ ಇದು ಹಂತಹಂತವಾಗಿ ಸೋತಂತೆ ಕಾಣುತ್ತದೆ. ಒಳಗಿರುವವರಿಗೆ ಪ್ರತಿ ಆಸೆಯೂ ಅದರ ದಿನಕ್ಕೆ ಪೂರ್ಣ. ನೋವಿಲ್ಲದ ಒಂದು ರಾತ್ರಿಗಾಗಿ ಹಂಬಲಿಸುವ ತಂದೆಯ ಆಸೆ, ಮಗ ಎಂಜಿನಿಯರ್ ಆಗಲಿ ಎನ್ನುವ ತಂದೆಯ ಆಸೆಗಿಂತ ಚಿಕ್ಕದೇನೂ ಅಲ್ಲ.

ಎಲ್ಲ ಕಾಯಿಲೆಯೂ ಹೀಗೆ ಏರಿ ಇಳಿದು ಒಂದು ದಡ ಮುಟ್ಟುವುದಿಲ್ಲ. ಸೆರಿಬ್ರಲ್ ಪಾಲ್ಸಿ, ಸ್ನಾಯು ಕರಗುವ ಕಾಯಿಲೆ, ಬೆಳವಣಿಗೆಯ ತೀವ್ರ ತೊಂದರೆಗಳಲ್ಲಿ ವರ್ಷಗಳು ಉರುಳುತ್ತವೆ. ಅಮೆರಿಕದ ಸೈಮನ್ ಓಲ್ಶಾನ್‌ಸ್ಕಿ 1962ರಲ್ಲಿ, ಬುದ್ಧಿ ಬೆಳೆಯದ ಮಕ್ಕಳ ತಂದೆತಾಯಂದಿರನ್ನು ಹತ್ತಿರದಿಂದ ಕಂಡು, ಅವರ ದುಃಖ ಜೀವನಪೂರ್ತಿ ಇರುವಂಥದ್ದು, ಅದು ಸಹಜ, ಅದನ್ನು ರೋಗವೆನ್ನಬಾರದು ಎಂದು ಬರೆದರು. ಓರಗೆಯ ಮಕ್ಕಳು ಶಾಲೆ ಸೇರಿದಾಗ, ಮದುವೆಯಾದಾಗ ಅದು ಹೊಸದಾಗಿ ಚುಚ್ಚುತ್ತದೆ. ‘ಒಪ್ಪಿಕೊಂಡುಬಿಡಿ’ ಎಂದು ಅವಸರಿಸುವವರು ಇದನ್ನು ತಿಳಿದಿರಬೇಕು. ಇಂಥ ಮನೆಗಳಲ್ಲಿ ಅನಿತ್ಯ ತಿರುಗಿ ನಿಲ್ಲುತ್ತದೆ. ಮಗುವಿಗಿಂತ ಮೊದಲು ನಾವು ಹೋಗುತ್ತೇವೆ, ಆಮೇಲೆ ಯಾರು? ಎಪ್ಪತ್ತರ ತಾಯಿ ನಲವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುವಾಗ ಅವಳಿಗೆ ಸಾವಿನ ಭಯವಿಲ್ಲ, ಮೊದಲು ಸಾಯುವ ಭಯವಿದೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾಗುತ್ತದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಕೆಳಗೆ ಈಗ ಒಬ್ಬ ರೋಗಿಯ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅದರ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಎತ್ತಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಒಟ್ಟು 730 ದಿನಗಳ ರಜೆ ಇದೆ. ಗಾರ್ಮೆಂಟ್ಸ್ ಕಾರ್ಖಾನೆಯ ತಾಯಿಗೆ, ಆಟೋ ಓಡಿಸುವ ತಂದೆಗೆ ಅದು ಇಲ್ಲ. ಔಷಧಿಗೆ ಹಣ ಕೊಡುವ ನೀತಿ ಇದೆ, ಔಷಧಿ ಕುಡಿಸುವವರ ವಿಶ್ರಾಂತಿಯನ್ನು ನೀತಿ ಅಷ್ಟಾಗಿ ಗಮನಿಸಿಲ್ಲ. ಮಗುವಿನ ಫೈಲಿನಲ್ಲಿ ತಾಯಿಯ ರಕ್ತದೊತ್ತಡ ಬರೆಯುವ ಒಂದು ಕಾಲಂ ಕೂಡ ಇರುವುದಿಲ್ಲ.

1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹೆಲೆನ್ ಹೌಸ್ ಶುರುವಾಯಿತು. ಜಗತ್ತಿನಲ್ಲಿ ಮಕ್ಕಳಿಗೆಂದೇ ಆದ ಮೊದಲ ಹಾಸ್ಪಿಸ್, ಅಂದರೆ ಗುಣವಾಗದ ಕಾಯಿಲೆಯವರ ಆರೈಕೆಯ ಮನೆ, ಅದು. ಹುಟ್ಟಿದ ಬಗೆ ಸರಳ. ಮೆದುಳಿನ ಗೆಡ್ಡೆಯಿಂದ ನೆಲ ಹಿಡಿದ ಹೆಲೆನ್ ಎಂಬ ಪುಟ್ಟ ಹುಡುಗಿಯ ತಂದೆತಾಯಿಗೆ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಗೆಳತಿಯಾದರು. ಅವರಿಬ್ಬರೂ ಸುಧಾರಿಸಿಕೊಳ್ಳಲಿ ಎಂದು ಆಗಾಗ ಕೆಲವು ದಿನ ಹೆಲೆನ್‌ಳನ್ನು ತಮ್ಮ ಬಳಿ ಇಟ್ಟುಕೊಂಡು ನೋಡಿಕೊಂಡರು. ಇತರ ತಂದೆತಾಯಂದಿರಿಗೂ ಇದೇ ಬೇಕಾಗಿದೆ ಎಂದು ಅವರಿಗೆ ತಿಳಿಯಿತು. ಅಂದರೆ ಆ ಮನೆ ಹುಟ್ಟಿದ್ದು ಸಾಯುವ ಮಕ್ಕಳಿಗಾಗಿ ಎನ್ನುವುದಕ್ಕಿಂತ ದಣಿದ ಅಪ್ಪ ಅಮ್ಮನಿಗಾಗಿ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮಕ್ಕಳ ಉಪಶಮನ ಆರೈಕೆಯೆಂದರೆ ಕುಟುಂಬಕ್ಕೆ ಆಸರೆಯೂ ಸೇರಿದ್ದು, ಕಾಯಿಲೆ ಗೊತ್ತಾದ ದಿನದಿಂದಲೇ ಅದು ಶುರುವಾಗಬೇಕು ಎಂದು ವಿವರಿಸಿತು. ಬೆಂಗಳೂರಿನಲ್ಲಿ ಮಾರತ್ತಹಳ್ಳಿಯ ಬಳಿಯ ಕರುಣಾಶ್ರಯ, ಕೈಮೀರಿದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸು ಕೇಳದೆ ನೋಡಿಕೊಳ್ಳುತ್ತ ಬಂದಿದೆ. ಆದರೆ ಕಾಯಿಲೆಯ ಮಗುವನ್ನು ಎರಡು ದಿನ ನಂಬಿ ಬಿಟ್ಟು, ತಾಯಿ ಮಲಗಿ ಎದ್ದು ಬರಬಹುದಾದ ಜಾಗ ಕನಕಪುರ ರಸ್ತೆಯ ಉದ್ದಕ್ಕೂ ಬೇಕಾಗಿದೆ.

ಇದಕ್ಕೆ ದೊಡ್ಡ ಆಸ್ಪತ್ರೆ ಕಟ್ಟಬೇಕಿಲ್ಲ. ತಲಘಟ್ಟಪುರದ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಕ್ಲಬ್ ಹೌಸ್ ಇದೆ, ಈಜುಕೊಳ ಇದೆ, ಪಾರ್ಟಿ ಹಾಲ್ ಇದೆ. ನಾಲ್ಕೈದು ಸಂಕೀರ್ಣಗಳು ಸೇರಿ ನೆಲಮಹಡಿಯಲ್ಲಿ ಎರಡು ಹಾಸಿಗೆಯ ಒಂದು ಮನೆ ಬಾಡಿಗೆಗೆ ಹಿಡಿಯಬಹುದು. ತರಬೇತಾದ ಒಬ್ಬ ನರ್ಸ್, ಆಕ್ಸಿಜನ್, ಸಕ್ಷನ್ ಮಷೀನು, ಕರೆದರೆ ಬರುವ ಮಕ್ಕಳ ಡಾಕ್ಟರು ಇದ್ದರೆ ಶನಿವಾರ ಭಾನುವಾರ ಸರದಿಯ ಮೇಲೆ ಎರಡು ಕುಟುಂಬಗಳಿಗೆ ಬಿಡುವು ಕೊಡಬಹುದು. ಸುತ್ತಮುತ್ತ ನಿವೃತ್ತ ನರ್ಸುಗಳೂ ಡಾಕ್ಟರುಗಳೂ ಇದ್ದಾರೆ, ಕೇಳಿದರೆ ಅವರಲ್ಲಿ ಕೆಲವರಾದರೂ ಬರುತ್ತಾರೆ. ಅಷ್ಟಾಗುವವರೆಗೆ ಎದುರು ಮನೆಯವರು ಫಿಟ್ಸ್ ಬಂದಾಗ ಮಗುವನ್ನು ಮಗ್ಗುಲಿಗೆ ಮಲಗಿಸುವುದು ಹೇಗೆ, ಟ್ಯೂಬಿನಲ್ಲಿ ಗಂಜಿ ಕೊಡುವುದು ಹೇಗೆ ಎಂದು ಆ ತಾಯಿಯಿಂದಲೇ ಕಲಿತುಕೊಳ್ಳಲಿ. ಒಂದೆರಡು ಸಲ ಅವಳ ಎದುರೇ ಮಾಡಿ ತೋರಿಸಿದರೆ ಮಾತ್ರ ಅವಳಿಗೆ ನಂಬಿಕೆ ಬರುತ್ತದೆ. ಮೂರನೆಯ ಸಲ ಅವಳು ಬಾಗಿಲು ಹಾಕಿಕೊಂಡು ಮಲಗಿಯಾಳು.

ಮತ್ತು ಇದು ಮಗು ಗುಣವಾದ ಮೇಲೂ, ಹೋದ ಮೇಲೂ ನಡೆಯಬೇಕು. ಗುಣವಾದ ಮಗುವಿನ ತಾಯಿ ವರ್ಷಗಟ್ಟಲೆ ಒಂದು ನೆಗಡಿಗೂ ಬೆಚ್ಚುತ್ತಾಳೆ. ಮಗುವನ್ನು ಕಳೆದುಕೊಂಡ ಮನೆಗೆ ಹದಿಮೂರು ದಿನ ಜನ ಬರುತ್ತಾರೆ, ಹದಿನಾಲ್ಕನೆಯ ದಿನ ಬಾಡಿಗೆಗೆ ತಂದ ಆಕ್ಸಿಜನ್ ಮಷೀನನ್ನು ವಾಪಸು ಕೊಡಲು ತಂದೆ ಒಬ್ಬನೇ ಹೋಗುತ್ತಾನೆ. ಆ ದಿನ ಯಾರಾದರೂ ಅವನ ಜೊತೆ ಸ್ಕೂಟರಿನ ಹಿಂದೆ ಮಷೀನು ಹಿಡಿದುಕೊಂಡು ಕೂರಲಿ.